ಕರು ಇಲ್ಲದಾಗಲೂ ಎಮ್ಮೆ ಹಾಲು ಇಳಿಸಬೇಕೇ? ಈಗಲೇ ಒಂದು ಸದ್ದು ಕಲಿಸಿ

ಧಾರವಾಡದ ಹತ್ತಿರ ನವಲೂರಿನಲ್ಲಿ ನಮ್ಮದು ಎಮ್ಮೆ ಕಟ್ಟಿದ ಮನೆ. ಕರು ಸತ್ತರೆ ಎಷ್ಟೋ ಎಮ್ಮೆಗಳು ಹಾಲು ಏರಿಸಿಕೊಂಡು ನಿಲ್ಲುತ್ತವೆ. ಆಗ ಕೆಲವರು ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್ ಸೂಜಿ ಚುಚ್ಚುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ಅದು ಅಪರಾಧ ಕೂಡ. ಅದಕ್ಕೇ ಹೇಳುತ್ತೇನೆ, ಕರು ಇರುವಾಗಲೇ ಎಮ್ಮೆಗೆ ಒಂದು ಸದ್ದು ರೂಢಿ ಮಾಡಿಸಿ.

ಕರು ಕೆಚ್ಚಲಿಗೆ ಗುದ್ದಿ ಚೀಪಿದಾಗ ಎಮ್ಮೆಯ ಮಿದುಳಿನಿಂದ ಇದೇ ಆಕ್ಸಿಟೋಸಿನ್ ತಾನಾಗಿ ರಕ್ತಕ್ಕೆ ಬಂದು ಹಾಲನ್ನು ಕೆಳಗೆ ತಳ್ಳುತ್ತದೆ. ಅದನ್ನು ಯಾರೂ ಕಲಿಸಬೇಕಿಲ್ಲ. ನಾವು ಕಲಿಸುವುದು ಸದ್ದನ್ನು ಮಾತ್ರ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ತೋರಿಸಿದ್ದು ಇದನ್ನೇ. ಊಟಕ್ಕೆ ಮೊದಲು ಪ್ರತಿ ಸಲ ಒಂದು ಸದ್ದು ಕೇಳಿಸಿದರೆ, ಬರಬರುತ್ತ ಬರೀ ಸದ್ದಿಗೇ ನಾಯಿಗೆ ಜೊಲ್ಲು ಬರುತ್ತದೆ.

ಸದ್ದು ಬೇರೆ ಹೊತ್ತಿನಲ್ಲಿ ಕೇಳದಂಥದ್ದಿರಲಿ. ಮೊಬೈಲ್ ರಿಂಗ್ ಬೇಡ, ದೇವರ ಗಂಟೆ ಬೇಡ. ನಾನು ಖಾಲಿ ಸ್ಟೀಲ್ ಡಬ್ಬಿಗೆ ಚಮಚದಿಂದ ಟಣ್ ಟಣ್ ಅಂತ ಬಡಿಯುತ್ತೇನೆ. ಬಡಿದ ಕೂಡಲೇ ತಿನ್ನಲು ಹಿಂಡಿ ಮುಂದಿಟ್ಟು, ಬೆಚ್ಚಗಿನ ನೀರಿನಿಂದ ಕೆಚ್ಚಲು ತೊಳೆದು, ಕರು ಬಿಡಬೇಕು. ಈ ಸರದಿಯೇ ಮುಖ್ಯ. ಹಿಂಡಿ ಬುಟ್ಟಿ ಕಂಡ ಮೇಲೆ ಡಬ್ಬಿ ಬಡಿದರೆ ಎಮ್ಮೆಗೆ ಅದರಲ್ಲಿ ಹೊಸ ಸುದ್ದಿ ಏನೂ ಇಲ್ಲ, ಅಲ್ವಾ? ಬಡಿದು ಒಳಗೆ ಚಹಾ ಕುಡಿಯಲು ಹೋದರೂ ಕೆಲಸ ಕೆಟ್ಟಂತೆಯೇ. ಎರಡೂ ಹೊತ್ತು, ಯಾರು ಹಿಂಡಲಿ, ಇದೇ ಕ್ರಮ ನಡೆಯಲಿ.

ಕೆಲವು ವಾರ ಬಿಟ್ಟು ಪರೀಕ್ಷೆ ಮಾಡಿ. ಕರು ದೂರ ಕಟ್ಟಿ, ಡಬ್ಬಿ ಬಡಿದು, ಎಮ್ಮೆಯನ್ನು ಮುಟ್ಟದೆ ಪಕ್ಕಕ್ಕೆ ಕುಳಿತು ಮೊಲೆಗಳನ್ನೇ ನೋಡಿ. ಮೊದಲು ಜೋತು ಬಿದ್ದು ಸುಕ್ಕಾಗಿರುತ್ತವೆ. ಸ್ವಲ್ಪ ಹೊತ್ತಿಗೆ ಬುಡದಿಂದ ತುಂಬಿಕೊಂಡು, ಚರ್ಮ ಬಿಗಿದು ಮಿರುಗುತ್ತದೆ. ಕೆಲವಕ್ಕೆ ತುದಿಯಲ್ಲಿ ಹನಿಯೂ ಕಾಣುತ್ತದೆ. ಅಷ್ಟಾದರೆ ಕಲಿತಿತು ಅನ್ನಿ. ಆಮೇಲೆ ತಡ ಮಾಡಬೇಡಿ, ಹಾರ್ಮೋನಿನ ಬಲ ಕೆಲವೇ ನಿಮಿಷ.

ಸುಮ್ನೆ ಆಟಕ್ಕೆ ಡಬ್ಬಿ ಬಡಿಯಲು ಮಕ್ಕಳಿಗೆ ಕೊಡಬೇಡಿ. ಹಿಂಡಿ ಬಾರದೆ ಸದ್ದು ಮಾತ್ರ ಬರುತ್ತಿದ್ದರೆ ಕಲಿತದ್ದು ಮಾಸುತ್ತದೆ. ಪೂರ್ತಿ ಅಳಿಸುವುದಿಲ್ಲ, ಮತ್ತೆ ಜೋಡಿಸಿದರೆ ಮೊದಲಿಗಿಂತ ಬೇಗ ಬರುತ್ತದೆ.

ಅಂಜಿಕೆಯೂ ಹೀಗೇ ಅಂಟಿಕೊಳ್ಳುತ್ತದೆ, ಅದೂ ಬಲು ಬೇಗ. ಕಾಲುಬಾಯಿ ಬೇನೆಯ ಲಸಿಕೆ ಹಾಕಿಸುವುದಿದ್ದರೆ ಹಿಂಡುವ ಜಾಗ ಬಿಟ್ಟು ಬೇರೆ ಕಡೆ ಕಟ್ಟಿ. ಅಂಜಿದ ಎಮ್ಮೆಯ ಮೈಯಲ್ಲಿ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ, ಅದು ಹಾಲು ಇಳಿಯದಂತೆ ತಡೆಯುತ್ತದೆ. ಈಗಾಗಲೇ ಅಂಜಿದ್ದರೆ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಉಪಾಯ ಮಾಡಿ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗ ಇಷ್ಟದ ತಿಂಡಿ ತಿನ್ನುವಾಗ ಆಕೆ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದರು. ಎಮ್ಮೆ ಬೈಕ್ ಸದ್ದಿಗೆ ಬೆದರುತ್ತದಾ? ಅದು ಹಿಂಡಿ ತಿನ್ನುವಾಗ ಬೈಕನ್ನು ಓಣಿಯ ತುದಿಯಲ್ಲಿ ಚಾಲೂ ಮಾಡಿಸಿ. ಬಾಯಿ ಆಡಿಸುವುದು ನಿಲ್ಲಿಸಿದರೆ ಇನ್ನೂ ದೂರ ಒಯ್ಯಿರಿ.

ಕೆಚ್ಚಲು ಬಿಸಿಯಾಗಿ ಗಟ್ಟಿಯಾಗಿದ್ದರೆ, ಹಾಲು ಒಡೆದಂತೆ ಬಂದರೆ ಅದು ಕೆಚ್ಚಲು ಬಾವು. ಡಬ್ಬಿ ಬದಿಗಿಟ್ಟು ಅವತ್ತೇ ದನದ ಡಾಕ್ಟರನ್ನು ಕರೆಸಿ.