ಮೇಜಿ ಜಪಾನ್ ಪಾಠ: ಕಂದಾಯದ ಲೆಕ್ಕದಿಂದ ಶುರು ಮಾಡುವ ಬಗೆ

ಪದವಿ ತರಗತಿಯಾಗಲಿ, ಕೆಎಎಸ್ ಕೋಚಿಂಗ್ ಆಗಲಿ, ಮೇಜಿ ಜಪಾನ್, ಅಂದರೆ ಮೇಜಿ ಚಕ್ರವರ್ತಿಯ ಕಾಲದ ಜಪಾನಿನ ಪಾಠ ಹಿಡಿಯುವುದು ಒಂದೇ ದಾರಿ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯ ಕಪ್ಪು ಹಡಗು ಬಂತು, 1868ರಲ್ಲಿ ಸೇನಾಡಳಿತಗಾರ ಶೋಗುನ್ ಹೋಗಿ ಚಕ್ರವರ್ತಿಯ ಹೆಸರಲ್ಲಿ ಹೊಸ ಸರ್ಕಾರ ಬಂತು, ಆಮೇಲೆ ರೈಲು, ಶಾಲೆ, ಸೈನ್ಯ, ಸಂವಿಧಾನ. ಹುಡುಗರು ಬರೆದುಕೊಂಡು ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಾರೆ. ಇಷ್ಟಕ್ಕೆಲ್ಲ ರೊಕ್ಕ ಯಾರು ಕೊಟ್ಟರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಹಳ ವಿದ್ಯಾರ್ಥಿಗಳ ಮನೆಯಲ್ಲಿ ಹೊಲ ಇದೆ, ಪಹಣಿ ಇದೆ, ಬ್ಯಾಂಕಿನ ಸಾಲವೂ ಇದೆ. ಅದಕ್ಕೇ ಇಲ್ಲಿ ಜಮೀನಿನ ಬೆಲೆಯ ಶೇ. 3ನ್ನು ಕಂದಾಯವೆಂದು ಗೊತ್ತುಮಾಡಿದ 1873ರ ಭೂಕಂದಾಯ ಸುಧಾರಣೆಯನ್ನು ಮೊದಲಿಗೆ ಹೇಳಿ, ಉಳಿದದ್ದನ್ನು ಅದಕ್ಕೆ ಪೋಣಿಸಬೇಕು. ಒಂದೊಂದು ಗಂಟೆಯ ನಾಲ್ಕು ತರಗತಿ ಸಾಕು.

ಮೊದಲು ಇಸವಿಯ ಗೊಂದಲ ತೀರಿಸಿ

ಮೇಜಿ ವರ್ಷಕ್ಕೆ 1867 ಕೂಡಿಸಿದರೆ ಇಸವಿ ಸಿಗುತ್ತದೆ. ಮೇಜಿ 22 ಅಂದರೆ 1889. ನಿಜಾಮರ ಕಾಲದ ಜಮೀನು ಕಾಗದ ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಆ ಕಾಗದಗಳ ಕಂದಾಯ ವರ್ಷವಾದ ಫಸಲಿಗೆ 590 ಕೂಡಿಸುವುದು ಇಂಥದ್ದೇ. ಫಸಲಿ 1300 ಶುರುವಾದದ್ದು 1890ರ ಅಕ್ಟೋಬರ್‌ನಲ್ಲಿ. ಅಂಥ ಕಾಗದದ ನಕಲು ಒಂದಿದ್ದರೆ ತರಗತಿಗೆ ತರಿಸಿ.

ಎಡವುವುದು ತಿಂಗಳಲ್ಲಿ. 1872ರ ಕೊನೆಯವರೆಗೆ ಜಪಾನಿನದು ಚಾಂದ್ರಮಾನ. ಡೈಮಿಯೋಗಳ (ಪ್ರಾಂತದ ದೊರೆಗಳ) ಸಂಸ್ಥಾನಗಳನ್ನು ರದ್ದು ಮಾಡಿದ ದಿನ ಮೇಜಿ 4, 7ನೇ ತಿಂಗಳು, 14ನೇ ದಿನ. ಅದು 1871ರ ಆಗಸ್ಟ್ 29, ಜುಲೈ 14 ಅಲ್ಲ. ಹೊಸ ಕ್ಯಾಲೆಂಡರ್ 1873ರ ಜನವರಿ 1ಕ್ಕೆ ಜಾರಿಯಾಯಿತು. ಹಳೆಯ ಪಂಚಾಂಗ ಇಟ್ಟುಕೊಂಡಿದ್ದರೆ ಆ ವರ್ಷ ಅಧಿಕ ಮಾಸ ಬರುತ್ತಿತ್ತು, ಅಧಿಕಾರಿಗಳಿಗೆ 13 ತಿಂಗಳ ಸಂಬಳ ಕೊಡಬೇಕಿತ್ತು. ಖಜಾನೆ ಬರಿದಾಗಿದ್ದ ಸರ್ಕಾರಕ್ಕೆ ಅದು ಉಳಿಯಿತು. ಹಿಂದಿನ ವರ್ಷದ 12ನೇ ತಿಂಗಳು ಎರಡೇ ದಿನಕ್ಕೆ ಮುಗಿದದ್ದರಿಂದ ಆ ತಿಂಗಳದ್ದೂ ಉಳಿಯಿತು. ಆಧುನಿಕತೆಯ ಹಿಂದೆ ಖಜಾನೆ ಇರುತ್ತದೆ ಎಂಬುದು ಹುಡುಗರಿಗೆ ಮೊದಲು ಹೊಳೆಯುವುದು ಇಲ್ಲಿಯೇ.

ಬೋರ್ಡ್ ಮೇಲೆ ಒಂದು ಹೊಲ

ಎರಡನೇ ತರಗತಿ ಪೂರ್ತಿ ಇದಕ್ಕೆ ಮೀಸಲಿಡಿ. ಸ್ವಂತ ಗದ್ದೆ ಉಳುವವನಿಗಾಗಿ ಜಪಾನ್ ಸರ್ಕಾರವೇ ಕೊಟ್ಟ ಮಾದರಿ ಲೆಕ್ಕ ಇದು. ಒಂದು ತಾನ್ ಅಂದರೆ ಹೆಚ್ಚುಕಡಿಮೆ 10 ಗುಂಟೆ. ಒಂದು ಕೊಕು ಅಕ್ಕಿ ಸುಮಾರು 150 ಕಿಲೋ.

1 ತಾನ್ ಗದ್ದೆಯ ಇಳುವರಿ: 1.6 ಕೊಕು
ಕೊಕುವಿಗೆ 3 ಯೆನ್‌ನಂತೆ ಬೆಲೆ: 4.80 ಯೆನ್
ಬೀಜ, ಗೊಬ್ಬರಕ್ಕೆ ಶೇ. 15 ಕಳೆದರೆ (0.72): 4.08
ಭೂಕಂದಾಯ 1.224, ಊರ ಖರ್ಚಿನ ಪಟ್ಟಿ 0.408 ಕಳೆದರೆ: 2.448
ಇದನ್ನು ಶೇ. 6ರ ಬಡ್ಡಿ ಎಂದು ಹಿಡಿದರೆ ಅಸಲು, ಅಂದರೆ ಜಮೀನಿನ ಬೆಲೆ: 40.80 ಯೆನ್

ಯಾರಾದರೂ ಕೇಳಿಯೇ ಕೇಳುತ್ತಾರೆ: ಕಂದಾಯ ಜಮೀನಿನ ಬೆಲೆಯ ಶೇ. 3 ಅಂದಮೇಲೆ, ಬೆಲೆ ಗೊತ್ತಾಗುವ ಮೊದಲೇ ಕಂದಾಯ ಕಳೆದದ್ದು ಹೇಗೆ? ಒಳ್ಳೆಯ ಪ್ರಶ್ನೆ. ಬಡ್ಡಿ 6, ಕಂದಾಯ 3, ಊರ ಪಟ್ಟಿ 1. ಕೂಡಿದರೆ ಬೆಲೆಯ ಶೇ. 10. ಆ 10 ಭಾಗವೇ 4.08 ಯೆನ್. ಹತ್ತರಿಂದ ಗುಣಿಸಿದರೆ 40.80.

ಉತ್ತರ ಪತ್ರಿಕೆಯಲ್ಲಿ ಹೆಚ್ಚಾಗಿ ಕಾಣುವ ತಪ್ಪೆಂದರೆ ಶೇ. 3ನ್ನು ಬೆಳೆಯ ಶೇ. 3 ಎಂದು ಬರೆಯುವುದು. 1.224ನ್ನು 4.80ರಿಂದ ಭಾಗಿಸಲು ಹೇಳಿ: ಬೆಳೆಯ ಶೇ. 25.5. ಊರ ಪಟ್ಟಿ ಸೇರಿದರೆ ಶೇ. 34. ಮತ್ತೆ ಕೇಳಿ, ಈ ಲೆಕ್ಕದಲ್ಲಿ ರೈತನ ಕೂಲಿ ಎಲ್ಲಿದೆ? ಎಲ್ಲೂ ಇಲ್ಲ. ಮನೆ ಮಂದಿಯ ದುಡಿಮೆಗೆ ಸರ್ಕಾರ ಒಂದು ಸೆನ್ (ಯೆನ್‌ನ ನೂರನೇ ಒಂದು ಭಾಗ) ಕೂಡ ಕಳೆದಿಲ್ಲ. ಇಷ್ಟಾದರೆ 1876ರಲ್ಲಿ ಇಬರಾಕಿ, ಮಿಎ ಕಡೆ ರೈತರು ಎದ್ದದ್ದಕ್ಕೂ, 1877ರ ಜನವರಿಯಲ್ಲಿ ದರ ಶೇ. 2.5ಕ್ಕೆ ಇಳಿದದ್ದಕ್ಕೂ ಬೇರೆ ವಿವರಣೆ ಬೇಕಾಗುವುದಿಲ್ಲ.

ಈಗ ಅಕ್ಕಿಯ ದರ ಬದಲಿಸಿ. ಹೊಸ ದರದಲ್ಲಿ ಈ ಹೊಲದ ಕಂದಾಯ 1.02 ಯೆನ್. 1880ರ ಹೊತ್ತಿಗೆ ಅಕ್ಕಿ ಕೊಕುವಿಗೆ 10 ಯೆನ್ ಮುಟ್ಟಿತ್ತು: ಬೆಳೆ 16 ಯೆನ್, ಕಂದಾಯ ಶೇ. 6ರ ಆಸುಪಾಸು. ರೈತನಿಗೆ ಸುಗ್ಗಿ, ಸರ್ಕಾರಕ್ಕೆ ಕೊರತೆ. 1881ರಲ್ಲಿ ಹಣಕಾಸು ಮಂತ್ರಿಯಾದ ಮತ್ಸುಕಾತ ಕಾಗದದ ನೋಟು ಹಿಂತೆಗೆದರು; 1884ರ ಹೊತ್ತಿಗೆ ಅಕ್ಕಿ 5 ಯೆನ್ ಸುತ್ತ ಬಂತು. ಕಂದಾಯ ಅದೇ 1.02, ಹೊರೆ ಮಾತ್ರ ಎರಡು ಪಟ್ಟು. ತೊಗರಿ ದರ ಬಿದ್ದ ವರ್ಷ ಸಾಲದ ಕಂತು ಬೀಳುವುದಿಲ್ಲವಲ್ಲ, ಹಾಗೆ. ಶೇ. 13 ಕಡಿಮೆಯೇ ಅಲ್ಲವೇ ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಪೆಟ್ಟು ಬಿದ್ದದ್ದು ಕಂದಾಯ ಒಂದರಿಂದಲೇ ಅಲ್ಲ. ದರ ಏರಿದ್ದಾಗ ಮಾಡಿದ ಸಾಲ ಹಾಗೇ ಉಳಿದಿತ್ತು, ರೇಷ್ಮೆ ಬೆಲೆಯೂ ಕುಸಿದಿತ್ತು. 1884ರ ನವೆಂಬರ್‌ನಲ್ಲಿ ದಂಗೆ ಎದ್ದ ಚಿಚಿಬು ರೇಷ್ಮೆಯ ಸೀಮೆ. ಅಲ್ಲಿನವರ ಮುಖ್ಯ ಬೇಡಿಕೆ ಸಾಲ ವಸೂಲಿ ಮುಂದೂಡಿ ಎಂಬುದೇ.

ರೊಕ್ಕ ಎಲ್ಲಿಗೆ ಹೋಯಿತು

ಮೂರನೇ ತರಗತಿಗೆ ಮೂರು ಖರ್ಚು ಸಾಕು. ಯೋಧ ವರ್ಗವಾದ ಸಮುರಾಯ್‌ಗಳ ವಂಶಪಾರಂಪರ್ಯ ಸಂಬಳ ಮೊದಲ ವರ್ಷಗಳಲ್ಲಿ ಸರ್ಕಾರಿ ಖರ್ಚಿನ ಮೂರನೇ ಒಂದು ಭಾಗದಷ್ಟಿತ್ತು. 1876ರಲ್ಲಿ ಅದನ್ನು ಬಾಂಡ್ ಆಗಿ ಬದಲಿಸಿದರು, ಅದೇ ವರ್ಷ ಕತ್ತಿ ಕಟ್ಟುವುದನ್ನೂ ನಿಷೇಧಿಸಿದರು. 1877ರ ಸಮುರಾಯ್ ನಾಯಕ ಸೈಗೊ ತಕಮೊರಿಯ ಬಂಡಾಯವನ್ನು ಇದರ ಪಕ್ಕಕ್ಕೇ ಹೇಳಿ. ಎರಡನೆಯದು 1873ರ ಕಡ್ಡಾಯ ಸೈನ್ಯ, ಮೂರು ವರ್ಷದ ಸೇವೆ. 270 ಯೆನ್ ಕಟ್ಟಿದರೆ ವಿನಾಯಿತಿ. ನಮ್ಮ ಲೆಕ್ಕದಲ್ಲಿ ಅದು ಒಂದೂವರೆ ಎಕರೆಗೂ ಹೆಚ್ಚಿನ ಗದ್ದೆಯ ಬೆಲೆ. ಮೂರನೆಯದು ಶಾಲೆ. 1872ರ ಯೋಜನೆಯಲ್ಲಿ 8 ವಿಶ್ವವಿದ್ಯಾಲಯ ವಲಯ, ಒಂದೊಂದರಲ್ಲಿ 32 ಮಾಧ್ಯಮಿಕ ವಲಯ, ಒಂದೊಂದರಲ್ಲಿ 210 ಪ್ರಾಥಮಿಕ ಶಾಲೆ. ಗುಣಿಸಲು ಹೇಳಿ: 53,760. ಖರ್ಚು ಹೆಚ್ಚಾಗಿ ಊರಿನವರ ಮೇಲೆ, ಮೇಲೆ ಫೀಸು ಬೇರೆ. ಕೆಲವು ಕಡೆ ಜನ ಶಾಲೆಗೇ ಬೆಂಕಿ ಇಟ್ಟರು. ಯೋಜನೆಯ ಸಂಖ್ಯೆಯನ್ನು ಕಟ್ಟಿದ ಶಾಲೆಗಳ ಸಂಖ್ಯೆ ಎಂದು ಬರೆದರೆ ಅಂಕ ಕತ್ತರಿಸಿ.

ಕ್ರಾಪು, ಕೋಟು, 1883ರಲ್ಲಿ ವಿದೇಶಿ ಅತಿಥಿಗಳಿಗಾಗಿ ಕಟ್ಟಿದ ರೊಕುಮೆಯ್‌ಕನ್ ಭವನದ ನೃತ್ಯಕೂಟಗಳಿಗೆ ಹತ್ತು ನಿಮಿಷ ಸಾಕು. ಆದರೆ ಅವು ಬರೀ ಷೋಕಿಯಲ್ಲ. ನಾವೂ ನಾಗರಿಕರು, ನಮ್ಮ ಮೇಲೆ ಹೇರಿದ ಅಸಮಾನ ಒಪ್ಪಂದ ತಿದ್ದಿ ಎಂದು ವಿದೇಶಿ ರಾಯಭಾರಿಗಳಿಗೆ ತೋರಿಸುವ ಹಂಚಿಕೆ. ವಿದೇಶಿಯರ ಪ್ರತ್ಯೇಕ ನ್ಯಾಯಾಧಿಕಾರ ಹೋದದ್ದು ಮಾತ್ರ 1899ರಲ್ಲಿ, ಸುಂಕದ ಪೂರ್ಣ ಹಕ್ಕು ಸಿಕ್ಕಿದ್ದು 1911ರಲ್ಲಿ.

ಸಂವಿಧಾನ, ಮತ್ತೆ ಅದೇ ಹೊಲ

1889ರ ಫೆಬ್ರುವರಿ 11ರ ಸಂವಿಧಾನವನ್ನು ಕೊನೆಯ ತರಗತಿಗೆ ಇಡಿ. 1890ರ ಮೊದಲ ಚುನಾವಣೆಯಲ್ಲಿ ಮತ ಹಾಕಬೇಕಾದರೆ 25 ತುಂಬಿದ ಗಂಡಸಾಗಿರಬೇಕು, ವರ್ಷಕ್ಕೆ 15 ಯೆನ್ ನೇರ ತೆರಿಗೆ ಕಟ್ಟಿರಬೇಕು. ಬೋರ್ಡಿನ ಹೊಲಕ್ಕೆ 1.02 ಯೆನ್ ಆದರೆ 15 ಯೆನ್‌ಗೆ ಎಷ್ಟು ನೆಲ ಬೇಕು? ಮೂರೂವರೆ ಎಕರೆಗಿಂತ ತುಸು ಹೆಚ್ಚು, ಅದೂ ಸ್ವಂತದ್ದು. ಪಾಲಿಗೆ ಮಾಡುವವನು ಭೂಕಂದಾಯ ಕಟ್ಟುವುದಿಲ್ಲ, ಅವನಿಗೆ ಮತವೂ ಇಲ್ಲ. ಮತದಾರರು ಸುಮಾರು 4.5 ಲಕ್ಷ, ಜನಸಂಖ್ಯೆಯ ಶೇ. 1ರ ಆಸುಪಾಸು.

ಇಷ್ಟು ಹೊತ್ತಿಗೆ ಯಾರಾದರೂ ನಿಜಾಮರ ದಿವಾನ ಸಾಲಾರ್ ಜಂಗ್ ಹೆಸರು ಎತ್ತುತ್ತಾರೆ. ಎತ್ತಲಿ. ಹೋಲಿಕೆ ಇದ್ದೇ ಇದೆ: ಶಿಂಬಾಶಿ–ಯೊಕೊಹಾಮ ರೈಲು 1872ರಲ್ಲಿ, ನಮ್ಮ ವಾಡಿಯಿಂದ ಸಿಕಂದರಾಬಾದ್‌ಗೆ 1874ರಲ್ಲಿ. ಕಂದಾಯದ ಗುತ್ತಿಗೆ ತೆಗೆದು ಸಂಬಳದ ತಾಲೂಕುದಾರರನ್ನು ಇಟ್ಟದ್ದೂ ಆ ದಿವಾನರೇ. ಅಲ್ಲಿಗೇ ಬಿಟ್ಟರೆ ಹೋಲಿಕೆ ದಾರಿ ತಪ್ಪಿಸುತ್ತದೆ. ಜಪಾನಿನ ಡೈಮಿಯೋಗಳ ಅಧಿಕಾರ 1871ರಲ್ಲಿ ಒಂದೇ ಆದೇಶಕ್ಕೆ ಹೋಯಿತು. ಅವರ ಸಾಲವನ್ನೂ ಸಮುರಾಯ್‌ಗಳ ಸಂಬಳವನ್ನೂ ಕೇಂದ್ರವೇ ಹೊತ್ತುಕೊಂಡದ್ದರಿಂದ ತಕರಾರು ಕಡಿಮೆಯಾಯಿತು. ಹೈದರಾಬಾದಿನ ಜಾಗೀರುಗಳು 1949ರವರೆಗೆ ಉಳಿದವು.

ಮನೆಗೆಲಸಕ್ಕೆ ಒಂದು ಪ್ರಶ್ನೆ ಕೊಡಿ. ನಿಜಾಮ್ ಸರ್ಕಾರದ ಶಿಕ್ಷಣ ಇಲಾಖೆ ನಡೆಸುತ್ತಿದ್ದ ರಾಸ್ ಮಸೂದ್ 1922ರಲ್ಲಿ ಜಪಾನಿಗೆ ಹೋಗಿ, ಅಲ್ಲಿನ ಶಿಕ್ಷಣದ ಮೇಲೆ ವರದಿ ಬರೆದರು. ಜಪಾನ್ ತನ್ನ ಜನರ ಭಾಷೆಯಲ್ಲೇ ಉನ್ನತ ಶಿಕ್ಷಣ ಕಟ್ಟಿಕೊಂಡಿತ್ತು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಆರಿಸಿಕೊಂಡಿತು. ಕಲಬುರಗಿ, ಬೀದರಿನ ಹಳ್ಳಿಗಳಲ್ಲಿ ಆಗ ಹೆಚ್ಚಿನ ಮನೆಯ ಮಾತು ಯಾವುದು, ಜಪಾನಿನ ಮಾದರಿ ಇಲ್ಲಿಗೆ ಎಷ್ಟು ಒಗ್ಗಿತು? ಎರಡು ಪುಟಕ್ಕೆ ಮೀರದಂತೆ ಬರೆದು ತರಲಿ.