ಪ್ರೋಟೊಕಾಲ್‌ಗೆ ಮೊದಲು ರಿಜಿಸ್ಟರ್: ಟ್ರಯಲ್ ನೆರವಿನ ನನ್ನ ಅನುಭವ

ಹೋದ ತಿಂಗಳು ಕಾಲು ಗಾಯಕ್ಕೆ ಎರಡು ಬಗೆಯ ಡ್ರೆಸಿಂಗ್‌ನಲ್ಲಿ ಯಾವುದು ಒಳ್ಳೆಯದು ಅಂತ ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ನಮ್ಮ ಟ್ರಯಲ್‌ಗೆ ಎರಡನೇ ಕಂತಿನ ಹಣ ಬಂತು. ಕಡಿತ ಇಲ್ಲ, ಪ್ರಶ್ನೆ ಇಲ್ಲ, ಹೇಳಿದ ಸಮಯಕ್ಕೇ ಬಂತು. ನಮ್ಮ ಕಾಲೇಜಿನಲ್ಲಿ ಹೀಗಾದದ್ದು ಇದೇ ಮೊದಲು. ಪ್ರೋಟೊಕಾಲ್ (ಟ್ರಯಲ್ ಹೇಗೆ ನಡೆಸಬೇಕು ಅನ್ನುವ ಲಿಖಿತ ಯೋಜನೆ) ಬರೆಯುವ ಮುಂಚೆ ರೋಗಿಗಳನ್ನು ಎಣಿಸಿ ರಿಜಿಸ್ಟರ್ ಮಾಡುವ ಪದ್ಧತಿಯನ್ನು ನಾನು ಶುರು ಮಾಡಿದಾಗ "ಇದೆಲ್ಲ ಗುಮಾಸ್ತರ ಕೆಲಸ ಮೇಡಂ, ಇದರಲ್ಲಿ ಸೈನ್ಸ್ ಎಲ್ಲಿದೆ?" ಅಂದವರೇ ಈಗ ಮಂಗಳವಾರ ಮಧ್ಯಾಹ್ನ ನಮ್ಮ ರೂಮಿನ ಮುಂದೆ ಫೈಲ್ ಹಿಡಿದು ಕೂರುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಾನು ಓದಿದ್ದು ಫಾರ್ಮಸಿ. ದಕ್ಷಿಣ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ರಿಸರ್ಚ್ ಸೆಲ್‌ನಲ್ಲಿ ಕೋಆರ್ಡಿನೇಟರ್ ಆಗಿ ಹನ್ನೊಂದು ವರ್ಷ ಆಯಿತು. ಟ್ರಯಲ್ ಮಾಡಬೇಕು ಅನ್ನುವ ಡಾಕ್ಟರ್ ಜೊತೆ ಮೊದಲ ದಿನದಿಂದ ಗ್ರಾಂಟ್ ಲೆಕ್ಕ ಮುಗಿಯುವವರೆಗೂ ಇರುವುದು ನನ್ನ ಕೆಲಸ.

ಮೊದಲು ಸೋತ ಕಥೆ ಹೇಳುತ್ತೇನೆ. ಸಕ್ಕರೆ ಕಾಯಿಲೆಯವರ ಕಾಲು ಉರಿಗೆ ಒಂದು ಹಳೆಯ ಮಾತ್ರೆ ಕೆಲಸ ಮಾಡುತ್ತಾ ಅಂತ ನೋಡುವ ಟ್ರಯಲ್. ಅನುಮತಿಯ ಕಡೆ ತೊಂದರೆ ಆಗಲಿಲ್ಲ. ಔಷಧ ಟ್ರಯಲ್‌ಗಳ 2019ರ ನಿಯಮ ಹೀಗಿದೆ: ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧಿಯ ಅಕಾಡೆಮಿಕ್ (ಮಾರಾಟದ ಅನುಮತಿಗಾಗಿ ಅಲ್ಲದೆ ಬರೀ ಸಂಶೋಧನೆಗಾಗಿ ಮಾಡುವ) ಟ್ರಯಲ್‌ಗೆ ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಕು. ಟ್ರಯಲ್ ಆ ಬಗೆಯದೇ ಅಂತ ಅನುಮಾನ ಇದ್ದರೆ ಕಮಿಟಿ ದೆಹಲಿಯ ಔಷಧ ನಿಯಂತ್ರಕರಿಗೆ ತಿಳಿಸಬೇಕು, 30 ದಿನದಲ್ಲಿ ಮಾತು ಬರದಿದ್ದರೆ ಮುಂದುವರಿಯಬಹುದು. ನಮಗೆ ಹಾಗೇ ಆಯಿತು.

ಕೆಟ್ಟದ್ದು ಪ್ಲಸೀಬೊ (ಹೋಲಿಕೆಗಾಗಿ ಕೊಡುವ, ಔಷಧಿ ಇಲ್ಲದ ಮಾತ್ರೆ) ವಿಷಯದಲ್ಲಿ. ಬಜೆಟ್‌ನಲ್ಲಿ ಅದಕ್ಕೆ 60 ಸಾವಿರ ಇಟ್ಟಿದ್ದೆವು. ನಮಗೆ ಬೇಕಿದ್ದದ್ದು ಒಂಬತ್ತು ಸಾವಿರ ಕ್ಯಾಪ್ಸೂಲ್. ತಯಾರಿಸುವವರು ಒಂದು ಲಕ್ಷಕ್ಕಿಂತ ಕಡಿಮೆ ಬ್ಯಾಚ್ ಓಡಿಸಲ್ಲ ಅಂದರು. ರೇಟು ಎರಡು ಮುಕ್ಕಾಲು ಲಕ್ಷದ ಹತ್ತಿರ. ನರ್ಸ್ ಸಂಬಳದ ಹೆಡ್‌ನಿಂದ ಹಣ ಆ ಕಡೆ ತಿರುಗಿಸಲು ಅನುಮತಿ ಕೇಳಿದೆವು, ಅದು ಬರುವ ಹೊತ್ತಿಗೆ ನಾಲ್ಕು ತಿಂಗಳು. ರೋಗಿಗಳ ಇನ್ಶೂರೆನ್ಸ್ ಯಾರಿಗೂ ನೆನಪೇ ಇರಲಿಲ್ಲ, ಅದಕ್ಕೂ ಅಲ್ಲಿಂದಲೇ ತೆಗೆದೆವು. ಒಂಬತ್ತನೇ ತಿಂಗಳಿಗೆ ನರ್ಸ್ ಸಂಬಳ ಮುಗಿಯಿತು. ನರ್ಸ್ ಹೋದಳು, ರೋಗಿಗಳು ಸೇರುವುದೂ ನಿಂತಿತು. 31 ಜನಕ್ಕೆ ಮುಚ್ಚಿದೆವು. ಆ 31 ಜನ ನಮ್ಮನ್ನು ನಂಬಿ ಮಾತ್ರೆ ನುಂಗಿದ್ದರು. ಅವರಿಂದ ಉತ್ತರ ಸಿಗಲಿಲ್ಲವಲ್ಲ ಅನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಇನ್ನೊಂದು ಅಧ್ಯಯನ ಬರೀ ಎರಡು ದಿನದ ಅಂತರದಲ್ಲಿ ಕೈತಪ್ಪಿ ಹೋಯಿತು. 2018ರ ಏಪ್ರಿಲ್ 1ರಿಂದ ದೇಶದ ಟ್ರಯಲ್‌ಗಳನ್ನು ನೋಂದಾಯಿಸುವ ರಿಜಿಸ್ಟ್ರಿ ಸಿಟಿಆರ್‌ಐ ಮೊದಲ ರೋಗಿ ಸೇರುವ ಮುಂಚಿನ ನೋಂದಣಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪಿಜಿ ಹುಡುಗ "ನಂಬರ್ ಬರುತ್ತೆ ಬಿಡಿ" ಅಂತ ಒಬ್ಬರನ್ನು ಸೇರಿಸಿಬಿಟ್ಟಿದ್ದ. ಅಲ್ಲಿಗೆ ಮುಗಿಯಿತು. ಈಗ ರ್‍ಯಾಂಡಮೈಸೇಶನ್ ಲಕೋಟೆಗಳ (ಯಾವ ರೋಗಿ ಯಾವ ಗುಂಪಿಗೆ ಅಂತ ಬರೆದು ಮುಚ್ಚಿಟ್ಟವು) ಪೆಟ್ಟಿಗೆಯ ಕೀ ನನ್ನ ಹತ್ತಿರ ಇರುತ್ತದೆ. ಸಿಟಿಆರ್‌ಐ ನಂಬರಿನ ಪ್ರಿಂಟ್ ತಂದವರಿಗೇ ಕೀ.

ಈಗ ಪದ್ಧತಿ. ಪ್ರೋಟೊಕಾಲ್ ಬರೆಯುವ ಮುಂಚೆ ಹದಿನೈದು ದಿನ ಒಪಿಡಿಯಲ್ಲಿ ಟ್ರಯಲ್‌ಗೆ ಹೊಂದುವ ರೋಗಿಗಳನ್ನು ಎಣಿಸುತ್ತೇವೆ. ಅಷ್ಟೇ. ಕೇಳಲು ಸುಲಭ, ಮಾಡಿಸುವುದು ಕಷ್ಟ. ಯಾವ ಸೀನಿಯರ್ ಡಾಕ್ಟರಿಗೂ ತಮ್ಮ ಒಪಿಡಿ ಬಗ್ಗೆ ಅನುಮಾನ ಇರುವುದಿಲ್ಲ. ಕಾಲು ಗಾಯದ ಟ್ರಯಲ್‌ನ ಸರ್ "ತಿಂಗಳಿಗೆ 25 ಜನ ಆರಾಮಾಗಿ ಸಿಗ್ತಾರೆ, ಎಂಟು ತಿಂಗಳಲ್ಲಿ ಮುಗಿಸೋಣ" ಅಂದರು. ಟ್ರಯಲ್ ಶುರುವಾದ ಕೂಡಲೇ ರೋಗಿಗಳು ಮಾಯ ಆಗುತ್ತಾರೆ ಅಂತ ಅಮೆರಿಕದ ಔಷಧ ವಿಜ್ಞಾನಿ ಲೂಯಿ ಲಸಾನ್ಯ ಎಷ್ಟೋ ದಶಕದ ಹಿಂದೆಯೇ ಹೇಳಿದ್ದಾರೆ. ಅವರ ಹೆಸರಿನಲ್ಲೇ ಆ ನಿಯಮ ಇದೆ. ಆದರೆ ನಿಯಮ ಹೇಳಿದರೆ ಯಾರೂ ಕೇಳಲ್ಲ, ಅವರದೇ ರಿಜಿಸ್ಟರ್ ತೋರಿಸಬೇಕು.

ನಮ್ಮ ನರ್ಸ್ ಸಿಸ್ಟರ್ ಒಂದು ನೋಟ್‌ಬುಕ್ ಹಿಡಿದು ಬಾಗಿಲ ಹತ್ತಿರ ಕೂತರು. ಕಾಲು ಗಾಯ ಅಂತ ಬಂದವರು ತಿಂಗಳ ಲೆಕ್ಕದಲ್ಲಿ 60 ಜನ. ರಕ್ತ ಸಂಚಾರ ಕಡಿಮೆ ಇರುವವರು, ಮೂಳೆಗೆ ಸೋಂಕು ಇಳಿದವರು, ಕಿಡ್ನಿ ತೊಂದರೆಯವರು ಹೋದರೆ ಇಪ್ಪತ್ತು ಚಿಲ್ಲರೆ. ಅದರಲ್ಲಿ ವಾರ ವಾರ ಬರಲು ಆಗದ ದೂರದವರನ್ನು ಬಿಟ್ಟರೆ ಹನ್ನೊಂದು. "ಇಂಥದ್ದೊಂದು ಅಧ್ಯಯನ ಇದ್ದರೆ ಸೇರ್ತೀರಾ?" ಅಂತ ಕೇಳಿದಾಗ ಹೂಂ ಅಂದವರು ಏಳು. 25 ಎಲ್ಲಿ, 7 ಎಲ್ಲಿ! ಸರ್ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರೇ ತುಮಕೂರಿನ ತಮ್ಮ ಸ್ನೇಹಿತರಿಗೆ ಫೋನ್ ಮಾಡಿದರು. ಅಲ್ಲೂ ಎಣಿಸಿದೆವು, ತಿಂಗಳಿಗೆ ನಾಲ್ಕು. ಎರಡು ಕಡೆ ಸೇರಿ ಹನ್ನೊಂದು. ಹಾಗಾಗಿ ಎಂಟು ತಿಂಗಳು ಅಂತ ಬರೆಯಬೇಕಿದ್ದ ಜಾಗದಲ್ಲಿ ಹದಿನೆಂಟು ಅಂತ ಬರೆದೆವು.

ಸ್ಯಾಂಪಲ್ ಸೈಜ್, ಅಂದರೆ ಒಟ್ಟು ಎಷ್ಟು ಜನರನ್ನು ಸೇರಿಸಬೇಕು ಅನ್ನುವುದರ ಬಗ್ಗೆ ಒಂದೇ ಮಾತು. ಬೇಕಾದವರು 150, ಬಿಟ್ಟುಹೋಗುವವರು 15% ಅಂದರೆ 150ಕ್ಕೆ 15% ಸೇರಿಸಿ 173 ಅಂತ ಬರೆಯುವವರೇ ಜಾಸ್ತಿ. ಕೊನೆಗೆ ಉಳಿಯುವವರು 85% ತಾನೇ, 150ನ್ನು 0.85ರಿಂದ ಭಾಗಿಸಿ. 177 ಬರುತ್ತದೆ, ಎರಡು ಗುಂಪಿಗೆ ಸಮ ಮಾಡಿದರೆ 178.

ಬಜೆಟ್ ಮಾಡುವುದು ಗೋಡೆಯ ಮೇಲೆ. ಖಾಕಿ ಕಾಗದ ಅಂಟಿಸಿ ರೋಗಿಯ ಒಂದೊಂದು ಭೇಟಿಗೂ ಒಂದು ಕಾಲಂ ಹಾಕುತ್ತೇವೆ. ಅದರ ಮುಂದೆ ಡಾಕ್ಟರ್, ಸ್ಟ್ಯಾಟಿಸ್ಟಿಶಿಯನ್, ಸಿಸ್ಟರ್, ಫಾರ್ಮಸಿಯವರು, ಅಕೌಂಟ್ಸ್ ವಿಭಾಗದವರು ಎಲ್ಲರೂ ಬರಬೇಕು. ಅಕೌಂಟ್ಸ್‌ನವರನ್ನು ಮೊದಲ ದಿನವೇ ಕರೆಯುವುದೇ ನಮ್ಮ ದೊಡ್ಡ ಬದಲಾವಣೆ. ಮುಂದೆ ಜಿಎಫ್‌ಆರ್ 12-ಎ ಫಾರ್ಮಿನಲ್ಲಿ (ಸರ್ಕಾರಿ ಹಣಕಾಸು ನಿಯಮದ ನಮೂನೆ) ಯುಸಿ, ಅಂದರೆ ಹಣ ಬಳಸಿದ ಪ್ರಮಾಣಪತ್ರ, ತಯಾರು ಮಾಡಬೇಕಾದವರು ಅವರೇ ತಾನೇ? ಅದು ತಡವಾದರೆ ಕಂತು ತಡ. ಸರ್ ಮೊದಲು "ರೋಗಿಗಳ ಖರ್ಚು: 2 ಲಕ್ಷ" ಅಂತ ಒಂದು ಸಾಲು ಬರೆದಿದ್ದರು. ಗೋಡೆಯ ಮೇಲೆ ಒಂದು ಭೇಟಿಗೆ 850 ರೂಪಾಯಿ ಬಂತು. 178 ಜನ, ಏಳು ಭೇಟಿ. ಹತ್ತೂವರೆ ಲಕ್ಷ! ಒಟ್ಟು 41 ಲಕ್ಷ ಕೇಳಿದೆವು, 38 ಚಿಲ್ಲರೆ ಸಿಕ್ಕಿತು. ಕಾಲೇಜಿನಲ್ಲಿ "ಇಷ್ಟು ಕೇಳಿದರೆ ಒಂದು ರೂಪಾಯಿಯೂ ಬರಲ್ಲ" ಅಂದಿದ್ದರು.

ಆ 850ರಲ್ಲಿ 400 ರೋಗಿಯ ಕೈಗೆ. ಇದರ ಹಿಂದೆ ಒಂದು ಜಗಳ ಇದೆ. ಬಸ್ ಟಿಕೆಟ್ ಲಗತ್ತಿಸಿ, ಅಷ್ಟೇ ಕೊಡ್ತೀವಿ ಅನ್ನುವುದು ಹಳೆಯ ಪದ್ಧತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಟಿಕೆಟ್ ಸೊನ್ನೆ ರೂಪಾಯಿ. ಲೆಕ್ಕದ ಪ್ರಕಾರ ಅವರಿಗೆ ಏನೂ ಸಿಗಲ್ಲ. ಆದರೆ ಕಾಲಿಗೆ ಬ್ಯಾಂಡೇಜ್ ಕಟ್ಟಿಕೊಂಡವರು ಮೆಜೆಸ್ಟಿಕ್‌ನಿಂದ ಆಟೊ ಹಿಡಿಯಲೇಬೇಕು, ಜೊತೆಗೆ ಬಂದ ಮಗ ಅವತ್ತಿನ ಕೂಲಿ ಬಿಟ್ಟಿರುತ್ತಾನೆ. ಅದನ್ನೆಲ್ಲ ಬರೆದು ಎಥಿಕ್ಸ್ ಕಮಿಟಿ ಮುಂದೆ ಇಟ್ಟೆ. ಗಂಡಸರಿಗೂ ಹೆಂಗಸರಿಗೂ ಒಂದೇ ಮೊತ್ತ ಅಂತ ಒಪ್ಪಿದರು. ಬಜೆಟ್ ಸಮರ್ಥನೆಯಲ್ಲಿ ಈ ಸಾಲನ್ನು ನಾವು ಹೇಗೆ ಬರೆದೆವು, ಯಾವ ಹೆಡ್ ಕೆಳಗೆ ಹಾಕಿದೆವು ಅನ್ನುವುದನ್ನು ಇಲ್ಲಿ ಹೇಳಲ್ಲ. ಅದು ನಮ್ಮ ತಂಡದ ಗುಟ್ಟು, ಇನ್ನೂ ಎರಡು ಅರ್ಜಿ ಬಾಕಿ ಇವೆ.

ಒಪ್ಪಿಗೆ ಪತ್ರವನ್ನೂ ಕಮಿಟಿಗೆ ಕಳಿಸುವ ಮುಂಚೆ ವಾರ್ಡಿನಲ್ಲಿ ಓದಿಸುತ್ತೇವೆ. ಅನುವಾದದವರು "ಯಾದೃಚ್ಛಿಕವಾಗಿ ಒಂದು ಗುಂಪಿಗೆ ನಿಯೋಜಿಸಲಾಗುವುದು" ಅಂತ ಬರೆದುಕೊಟ್ಟಿದ್ದರು. ಸಿಸ್ಟರ್ ಓದಿದರು. ಮಾಗಡಿ ಕಡೆಯ ಒಬ್ಬ ಅಜ್ಜಿ ಕೇಳಿದರು, "ಅಂದ್ರೆ ಡಾಕ್ಟ್ರು ಮುಖ ನೋಡಿ ಯಾರಿಗೆ ಯಾವ್ದು ಅಂತ ಕೊಡ್ತಾರಾ?" ಪೂರ್ತಿ ಉಲ್ಟಾ! "ಇಲ್ಲಜ್ಜಿ, ಲಕೋಟೆ ಒಡೆಯೋವರೆಗೂ ಡಾಕ್ಟ್ರಿಗೂ ಗೊತ್ತಿರಲ್ಲ" ಅಂದರು ಸಿಸ್ಟರ್. "ಹಂಗಾದ್ರೆ ಚೀಟಿ ಎತ್ತಿದಂಗೆ ಅನ್ನು, ಸರಿ." ಈಗ ನಮ್ಮ ಎಲ್ಲ ಪತ್ರಗಳಲ್ಲೂ "ಚೀಟಿ ಎತ್ತಿದ ಹಾಗೆ" ಅಂತಲೇ ಇದೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆವು. ಫಾಲೋಅಪ್ ನೆನಪಿಸಲು ಎಸ್‌ಎಂಎಸ್ ಕಳಿಸಿದರೆ ಹತ್ತರಲ್ಲಿ ಆರು ಜನ ಬರುತ್ತಿದ್ದರು. ಸಿಸ್ಟರ್ ತಮ್ಮ ದನಿಯಲ್ಲೇ ವಾಟ್ಸಾಪ್ ವಾಯ್ಸ್ ಕಳಿಸತೊಡಗಿದ ಮೇಲೆ ಎಂಟು, ಒಂಬತ್ತು. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ. ಫೋನ್ ಇರುವುದು ಮಗನ ಹತ್ತಿರ, ಅವನು ಮನೆಗೆ ಬರುವುದು ರಾತ್ರಿ, ಹಾಗಾಗಿ ಕಳಿಸುವುದೂ ಎಂಟು ಗಂಟೆ ಮೇಲೆ. ಗಾಯದ ಫೋಟೊ ಕೂಡ ತಲೆ ತಿಂದಿತು. ಯಾವ ಡ್ರೆಸಿಂಗ್ ಅಂತ ಗೊತ್ತಿಲ್ಲದವರು ಫೋಟೊ ನೋಡಿ ಅಳೆಯಬೇಕು. ಆದರೆ ಒಂದು ಡ್ರೆಸಿಂಗ್ ಅಂಚಿನಲ್ಲಿ ಹಳದಿ ಕಲೆ ಬಿಡುತ್ತಿತ್ತು, ನೋಡಿದ ಕೂಡಲೇ ಗುಂಪು ಗೊತ್ತಾಗುತ್ತಿತ್ತು. ಈಗ ಸಲೈನ್‌ನಲ್ಲಿ ತೊಳೆದು, ಹತ್ತು ನಿಮಿಷ ಬಿಟ್ಟು, ಹಸಿರು ಆಪರೇಷನ್ ಥಿಯೇಟರ್ ಬಟ್ಟೆಯ ಮೇಲೆ ಕಾಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯುತ್ತೇವೆ.

ಇವತ್ತಿಗೆ 104 ಜನ ಸೇರಿದ್ದಾರೆ. ನಮ್ಮ ಲೆಕ್ಕದಲ್ಲಿ 110 ಇರಬೇಕಿತ್ತು. ತುಮಕೂರಿನ ಸಿಸ್ಟರ್ ಕೆಲಸ ಬಿಟ್ಟು ಮೂರು ವಾರ ಖಾಲಿ ಹೋಯಿತು, ಹೊಸಬರ ಜಿಸಿಪಿ (ಟ್ರಯಲ್ ಸರಿಯಾಗಿ ನಡೆಸುವ ನಿಯಮಗಳ) ಟ್ರೈನಿಂಗ್ ಶುಕ್ರವಾರ ಮುಗಿಯುತ್ತದೆ. ಮಕ್ಕಳ ವಿಭಾಗದ ಡಾಕ್ಟರ್ ಒಬ್ಬರು ಹೊಸ ಟ್ರಯಲ್ ತಂದಿದ್ದಾರೆ. ತಿಂಗಳಿಗೆ 40 ಮಕ್ಕಳು ಅಂದರು. ನೋಟ್‌ಬುಕ್ ಕೊಟ್ಟು ಕಳಿಸಿದೆ. ಸೋಮವಾರದಿಂದ ಎಣಿಸುತ್ತಿದ್ದಾರೆ, ಗುರುವಾರದವರೆಗೆ ನಾಲ್ಕು ಗೆರೆ ಬಿದ್ದಿವೆ.