ಗ್ರೇಡರ್ ಕುಣಿದು ಗರಸಿನ ರಸ್ತೆ ಅಲೆ ಅಲೆಯಾಗುತ್ತಿದ್ದರೆ

ಗದಗ ಹತ್ತಿರ ಎರೆಹೊಲಗಳ ನಡುವೆ ಗರಸಿನ (ಕಲ್ಲು ಬೆರೆತ ಮಣ್ಣಿನ) ರಸ್ತೆ ಮಾಡುತ್ತಿದ್ದೆವು. ಬ್ಲೇಡಿನಿಂದ ನೆಲ ಕೆತ್ತಿ ಸಮ ಮಾಡುವ ಮಷೀನು ಗ್ರೇಡರ್, ಅದು ಕುಣಿಯುತ್ತ ಹೋದ ಹಿಂದೆಯೇ ಮಾರಿಗೊಂದು ಅಲೆ ಬೀಳುತ್ತಿತ್ತು.

ರೋಲರ್ ಜಾಸ್ತಿ ಹೊಡೆಸಿದೆ. ಅಲೆ ಗಟ್ಟಿಯಾಯಿತು ಅಷ್ಟೇ. ಬ್ಲೇಡಿಗೆ ಹೊಸ ಅಂಚು ಹಾಕಿಸಿದೆ, ಸುಮ್ನೆ ಖರ್ಚು. ತಗ್ಗಿಗೆ ಗರಸು ತುಂಬಿದರೆ ನಾಲ್ಕು ಟ್ರ್ಯಾಕ್ಟರ್ ಓಡಾಡುವಷ್ಟರಲ್ಲಿ ಮತ್ತೆ ಅದೇ.

ಕೊನೆಗೆ ಟೈರಿನ ಗಾಳಿ ನೋಡಿದೆ. ಹಿಂದಿನ ನಾಲ್ಕರಲ್ಲಿ ಎಡಗಡೆಯ ಒಂದರಲ್ಲಿ ಕಮ್ಮಿ ಇತ್ತು. ಎಲ್ಲವನ್ನೂ ಮಷೀನಿನ ಪುಸ್ತಕದಲ್ಲಿದ್ದಷ್ಟಕ್ಕೆ ಸಮ ಮಾಡಿಸಿದೆ. ಅರ್ಧ ಕುಣಿತ ನಿಂತಿತು. ಉಳಿದದ್ದು ವೇಗದ್ದು. ಒಂದನೇ ಗೇರಿನಲ್ಲಿ ಗಂಟೆಗೆ 4 ಕಿ.ಮೀ. ಸುಮಾರಿಗೆ ಇಳಿಸಿ, ಅಡ್ಡಕ್ಕೆ ನೆಟ್ಟಗಿದ್ದ ಬ್ಲೇಡನ್ನು 40 ಡಿಗ್ರಿಯಷ್ಟು ಓರೆ ಮಾಡಿಸಿದೆ.

ಆಮೇಲೆ ಹಳೆ ಅಲೆ ತೆಗೆದ ಕ್ರಮ. ಹಿಂದಿನ ಸಂಜೆಯೇ ಟ್ಯಾಂಕರ್ ನೀರು. ಬೆಳಿಗ್ಗೆ ಗರಸು ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಅಲೆಯ ತಗ್ಗಿಗಿಂತ ಒಂದು ಬೆರಳು ಕೆಳಗೆ ಕೆತ್ತಬೇಕು. ಬರೀ ದಿಬ್ಬ ಸವರಿದರೆ ಅಲೆ ಮತ್ತೆ ಏಳುತ್ತದೆ, ಇದೇ ಮುಖ್ಯ. ಕೆತ್ತಿದ್ದನ್ನು ಬದಿಗೆ ಸಾಲು ಹಾಕಿ, ನಡುವಿನಿಂದ ಅಂಚಿಗೆ 4% ಇಳಿಜಾರು ಬರುವಂತೆ ಹರಡಿ. ರೋಲರ್ ಅಂಚಿನಿಂದ ನಡುವಿಗೆ ಬರಬೇಕು.

ಗ್ರೇಡರ್ ಮತ್ತೆ ಕುಣಿದರೆ ಅಲ್ಲೇ ನಿಲ್ಲಿಸಿ, ಹಿಂದೆ ಬಂದು, ಇನ್ನೂ ನಿಧಾನಕ್ಕೆ ಹೊಡೆಯಿರಿ.